ಖಾಲಿ ಕುರ್ಚಿಗೆ ತಲೆಯಾಡಿಸಿದವರು

ನಮ್ಮ ಭಾವನ ಬಗ್ಗೆ ಎರಡು ನಿಮಿಷ ಮಾತಾಡಿ ಎಂದು ಚಾನೆಲ್ಲಿನಿಂದ ಫೋನ್ ಬಂತು. ಭಾವ ತೀರಿಹೋಗಿ ಆಗ ಒಂದು ತಿಂಗಳಾಗಿತ್ತು. ಅವರ ನೆನಪಿಗೆ ದೊಡ್ಡ ಸಭೆ ಇಟ್ಟುಕೊಂಡಿದ್ದಾರಂತೆ, ಸ್ಟುಡಿಯೋಗೆ ಅವರ ಹೆಸರು ಇಡುತ್ತಾರಂತೆ. ಫೋನಿನಲ್ಲಿದ್ದ ಹುಡುಗಿಯ ದನಿಯಲ್ಲಿ ಬೆಣ್ಣೆಯೋ ಬೆಣ್ಣೆ.

"ಮೇಡಂ, ನೀವು ಸಾರ್ ಅವರ ನಾದಿನಿ ಅಲ್ವಾ? ಮನೆಯವರು ಹೇಳಿದ್ರೆ ಅದರ ತೂಕಾನೇ ಬೇರೆ. ಮನೇಲಿ ಹೇಗಿರ್ತಿದ್ರು, ಹೇಗೆ ತಮಾಷೆ ಮಾಡ್ತಿದ್ರು, ಅಂಥದ್ದು ಸಾಕು. ಒಳ್ಳೇದನ್ನ ಮಾತ್ರ ಹೇಳಿ ಮೇಡಂ, ಎರಡೇ ನಿಮಿಷ."

"ಒಳ್ಳೇದು ಮಾತ್ರ ಅಂದ್ರೆ ಎರಡು ನಿಮಿಷ ಜಾಸ್ತಿ ಆಯ್ತಲ್ಲಮ್ಮ" ಅಂದೆ. ಅವಳು ತಮಾಷೆ ಅಂದುಕೊಂಡು ಕಿಲಕಿಲ ನಕ್ಕಳು.

ನಾನು ಡ್ರೈವಿಂಗ್ ಸ್ಕೂಲು ನಡೆಸುವವಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ನನ್ನ ಕಾಲ ಕೆಳಗಿರುವ ಇನ್ನೊಂದು ಬ್ರೇಕನ್ನು ತುಳಿಯುತ್ತಾ, ಗಂಟಲು ಹರಿದುಕೊಳ್ಳುವುದೇ ನನ್ನ ಕಸುಬು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ದೂರುತ್ತಾರೆ. ಇದೆ, ಏನೀಗ? ಭಾವನನ್ನು ಹೊಗಳುವವರಿಗೆ ಈ ಊರಲ್ಲಿ ಬರವಿಲ್ಲ. ಅವರ ಬದುಕನ್ನು ಇದ್ದ ಹಾಗೆ ಹೇಳುವವರು ಒಬ್ಬರಾದರೂ ಇರಲಿ.

ಭಾವನಿಗೆ ಮೊದಲು ಮೈಕು ಕೊಟ್ಟದ್ದು ಟೀವಿಯಲ್ಲ, ಬಸ್ ನಿಲ್ದಾಣ. ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿನಲ್ಲಿ ನಿಂತಿದೆ, ಯಾವುದು ತಡ, ಯಾರ ಬ್ಯಾಗು ಸಿಕ್ಕಿದೆ ಎಂದು ಗಾಜಿನ ಗೂಡಿನೊಳಗೆ ಕೂತು ಕೂಗುವ ಕೆಲಸ. ನಮ್ಮಪ್ಪ ಅದೇ ನಿಲ್ದಾಣದ ಬಸ್ ಡ್ರೈವರ್. ಒಂದು ದಿನ ತಪ್ಪಿಸಿಕೊಂಡ ಮಗುವನ್ನು ಯಾರೋ ಆ ಗೂಡಿಗೆ ತಂದುಬಿಟ್ಟರಂತೆ. ಮಗು ಬಾಯಿ ಬಾಯಿ ಬಡಿದುಕೊಂಡು ಅಳುತ್ತಿತ್ತು. ಭಾವ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮೈಕಿನಲ್ಲೇ ಅದರ ಜೊತೆ ಹರಟೆಗಿಳಿದರು. ಅಮ್ಮನ ಸೀರೆ ಯಾವ ಬಣ್ಣ, ಅಮ್ಮ ಬೈದರೆ ಏನಂತ ಬೈತಾಳೆ ಎಂದು ಕೇಳುತ್ತಾ ಹೋದರು. ಮಗು ಅಳು ನಿಲ್ಲಿಸಿ, ಅಮ್ಮನ ಬೈಗುಳವನ್ನೆಲ್ಲ ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ ಒಪ್ಪಿಸಿತು. ಅಮ್ಮ ನಾಚಿಕೆಯಿಂದ ಕೆಂಪಾಗಿ ಓಡಿಬಂದಳು.

ಅಪ್ಪನಿಗೆ ಆ ಹುಡುಗ ಹಿಡಿಸಿಬಿಟ್ಟ. ಊಟಕ್ಕೆ ಕರೆದುಕೊಂಡು ಬಂದ. ಅಕ್ಕ ಬಡಿಸಿದಳು. ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ಮಾತು ಕೊಟ್ಟು ಮಾತು ತೆಗೆಯುವ ವಿದ್ಯೆ ಆ ಮನುಷ್ಯನಿಗೆ ನಿಜವಾಗಿಯೂ ಇತ್ತು, ಅದನ್ನು ಇಲ್ಲವೆಂದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ಆದರೆ ನನಗೆ ಅವರು ಮೊದಲ ದಿನದಿಂದಲೂ ಹಿಡಿಸಲಿಲ್ಲ. ನಾನು ಏನೋ ಹೇಳುತ್ತಿದ್ದರೆ "ಹೂಂ, ಹೂಂ" ಅನ್ನುತ್ತಾ ನನ್ನ ತಲೆಯ ಹಿಂದಿನ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಿದ್ದರು.

ಮದುವೆಯಾದ ಮೇಲೆ ನಿಲ್ದಾಣದ ಕೆಲಸ ಬಿಟ್ಟು ಊರಿನ ಚಾನೆಲ್ಲಿಗೆ ಸೇರಿದರು. ಸತ್ತವರ ಸುದ್ದಿ, ಕಳೆದುಹೋದ ವಸ್ತುಗಳ ಸುದ್ದಿ ಓದುತ್ತಿದ್ದವರು, ಒಂದು ವರ್ಷದೊಳಗೆ ತಮ್ಮದೇ ಕಾರ್ಯಕ್ರಮ ಬೇಕೆಂದು ಹಟ ಹಿಡಿದರು. ಅದರ ಹೆಸರು 'ಹತ್ತಿರ ಕೂತ್ಕೊಳ್ಳಿ'. ಪ್ರಶ್ನೆ ಕೇಳುವವರೂ ಅವರೇ, ನಿರ್ಮಾಪಕರೂ ಅವರೇ. ಸಾಮಾನ್ಯ ಜನರನ್ನು ಕರೆದು, ಎದುರು ಕೂರಿಸಿ, ಅವರ ಬದುಕಿನ ಕಷ್ಟವನ್ನು ಬಾಯಿ ಬಿಡಿಸುವುದು. ಮೊದಲ ಶೂಟಿಂಗಿಗೆ ಕೂರಲು ಒಳ್ಳೆಯ ಕುರ್ಚಿ ಇಲ್ಲವೆಂದು ನಮ್ಮ ಮನೆಯಿಂದ ಅಪ್ಪನ ಬೆತ್ತದ ಕುರ್ಚಿ ಹೊತ್ತುಕೊಂಡು ಹೋದರು. ದಪ್ಪ ಮರದ ಕೈಗಳಿದ್ದ, ಅಪ್ಪ ಕೆಲಸದಿಂದ ಬಂದವನೇ ಕಾಲು ಚಾಚಿ ಕೂರುತ್ತಿದ್ದ ಕುರ್ಚಿ. "ಎರಡು ದಿನ ಮಾವ, ವಾಪಸ್ ತಂದ್ಕೊಡ್ತೀನಿ" ಅಂದಿದ್ದರು. ಆ ಎರಡು ದಿನ ಇನ್ನೂ ಮುಗಿದಿರಲಿಲ್ಲ. ಕುರ್ಚಿ ಕಾರ್ಯಕ್ರಮದ ಗುರುತೇ ಆಗಿಹೋಯಿತು. ಅಪ್ಪ ಗೋಡೆಗೊರಗಿ ನೆಲದ ಮೇಲೆ ಕೂರುವುದನ್ನು ಕಲಿತ.

ಆ ಕಾರ್ಯಕ್ರಮ ತಯಾರಾಗುತ್ತಿದ್ದ ಬಗೆ ನೋಡುವವರಿಗೆ ಗೊತ್ತಿರಲಿಲ್ಲ. ಆಗ ಅವರ ಹತ್ತಿರ ಇದ್ದದ್ದು ಒಂದೇ ಕ್ಯಾಮೆರಾ. ಅದನ್ನು ಬಂದವರ ಮುಖಕ್ಕೆ ತಿರುಗಿಸಿಟ್ಟು, ಅವರ ಮಾತನ್ನೆಲ್ಲ ಮೊದಲು ತೆಗೆದುಕೊಳ್ಳುತ್ತಿದ್ದರು. ಬಂದವರು ಕೈಮುಗಿದು ಮನೆಗೆ ಹೋದ ಮೇಲೆ ಕ್ಯಾಮೆರಾ ಭಾವನ ಕಡೆ ತಿರುಗುತ್ತಿತ್ತು. ಆಗ ಭಾವ ಎದುರಿನ ಖಾಲಿ ಕುರ್ಚಿಯನ್ನು ನೋಡಿಕೊಂಡು ತಮ್ಮ ಪ್ರಶ್ನೆಗಳನ್ನೆಲ್ಲ ಇನ್ನೊಮ್ಮೆ ಕೇಳಬೇಕು, ತಲೆಯಾಡಿಸಬೇಕು, ಹೂಂಗುಟ್ಟಬೇಕು, ಬೇಕಾದ ಕಡೆ ಕಣ್ಣು ಒದ್ದೆ ಮಾಡಿಕೊಳ್ಳಬೇಕು. ಆಮೇಲೆ ಎರಡನ್ನೂ ಕತ್ತರಿಸಿ ಅಂಟಿಸಿದರೆ ಇಬ್ಬರು ಎದುರುಬದುರು ಕೂತು ಮಾತಾಡಿದಂತೆ ಕಾಣುತ್ತದೆ. ನಾನೊಮ್ಮೆ ಕಣ್ಣಾರೆ ನೋಡಿದ್ದೇನೆ. ಬೇಲಿಯ ಮೇಲಿನ ಓತಿಕ್ಯಾತದ ಹಾಗೆ ಆ ಮನುಷ್ಯ ನಮ್ಮಪ್ಪನ ಬರಿದಾದ ಕುರ್ಚಿಗೆ ತಲೆ ಕುಣಿಸುತ್ತಿದ್ದರು. "ಅಯ್ಯೋ, ಹೌದಾ!" ಎಂದು ಅದಕ್ಕೆ ಮರುಗುತ್ತಿದ್ದರು. ಕ್ಯಾಮೆರಾದವನು ಅವರಿಗೆ ಇಟ್ಟ ಹೆಸರು 'ಹೂಂ ಸಾರ್'.

ಒಂದೇ ಕ್ಯಾಮೆರಾ ಇದ್ದರೆ ಬೇರೆ ದಾರಿಯಿಲ್ಲ, ಒಪ್ಪುತ್ತೇನೆ. ಕೇಳಿದ್ದನ್ನೇ ಇನ್ನೊಮ್ಮೆ ಕೇಳಿದರೆ ಅದರಲ್ಲಿ ಮೋಸವೂ ಇಲ್ಲ. ಇನ್ನೊಮ್ಮೆ ಕೇಳುವಾಗ ಪ್ರಶ್ನೆಯನ್ನೇ ಬದಲಾಯಿಸಿದರೆ?

ಈಗ ಅಪ್ಪನ ವಿಷಯ ಹೇಳಬೇಕು. ನಮ್ಮಮ್ಮ ನಾವು ಚಿಕ್ಕವರಿದ್ದಾಗಲೇ ಹೋದಳು. ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ಯಾರೂ ಇಲ್ಲವೆಂದು ಅಪ್ಪ ನಮ್ಮಿಬ್ಬರನ್ನೂ ಬಸ್ಸಿಗೆ ಹತ್ತಿಸಿಕೊಳ್ಳುತ್ತಿದ್ದ. ಡ್ರೈವರ್ ಸೀಟಿನ ಹಿಂದಿನ ಸೀಟು ನಮ್ಮದು. ಅಲ್ಲೇ ಪಾಠ ಓದಿದ್ದು, ಅಲ್ಲೇ ಜಗಳವಾಡಿದ್ದು, ಅಲ್ಲೇ ನಿದ್ದೆ ಹೋದದ್ದು. ಅಪ್ಪನ ಮುಖಕ್ಕಿಂತ ಅಪ್ಪನ ಬೆನ್ನು ನಮಗೆ ಹೆಚ್ಚು ಪರಿಚಯ. ಅವನ ಕತ್ತಿನ ಹಿಂದೆ, ಕಾಲರಿನ ಮೇಲೆ, ಕಡಲೆಕಾಳಿನಷ್ಟು ದಪ್ಪದ ಒಂದು ಕಪ್ಪು ಮಚ್ಚೆ. ಅಕ್ಕ ಅದನ್ನು ಬೆಲ್ ಎನ್ನುತ್ತಿದ್ದಳು. ಬಸ್ ನಿಲ್ಲಬೇಕಾದರೆ ಅದನ್ನು ಒತ್ತುತ್ತಿದ್ದಳು. ಅಪ್ಪ "ಲೇ, ಕಚಗುಳಿ ಕಣೇ!" ಎನ್ನುತ್ತಿದ್ದ.

ನಾವು ದೊಡ್ಡವರಾಗಿ, ಅಕ್ಕನ ಮದುವೆಯೂ ಆದ ಮೇಲೆ ಆ ಅಪಘಾತ ಆಯಿತು. ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟಿತು. ಬಸ್ಸು ಬ್ರೇಕ್ ಹಿಡಿಯುತ್ತಿಲ್ಲ ಎಂದು ಅಪ್ಪ ಅದಕ್ಕೆ ಮೊದಲೇ ಡಿಪೋದಲ್ಲಿ ಹೇಳಿದ್ದ. "ಇವತ್ತೊಂದಿನ ಓಡ್ಸಪ್ಪ, ಬೇರೆ ಬಸ್ಸಿಲ್ಲ" ಎಂದು ಅವನ ಬಾಯಿ ಮುಚ್ಚಿಸಿ ಕಳಿಸಿದ್ದರು. ಅಪ್ಪ ಬಸ್ಸನ್ನು ಮಣ್ಣಿನ ದಿಬ್ಬಕ್ಕೆ ಗುದ್ದಿಸಿ ನಿಲ್ಲಿಸಿದ. ಒಳಗಿದ್ದವರೆಲ್ಲ ಉಳಿದರು. ಬಾಗಿಲ ಬಳಿ ನಿಂತಿದ್ದ ಒಬ್ಬ ಹೆಂಗಸು ಹೊರಗೆ ಬಿದ್ದು ತೀರಿಹೋದಳು. ವಿಚಾರಣೆ ನಡೆದು, ಡ್ರೈವರದು ತಪ್ಪಿಲ್ಲ ಎಂದು ತೀರ್ಮಾನವಾಯಿತು.

ಆ ಹೆಂಗಸಿನ ಗಂಡ ಗಡಿಯಾರ ರಿಪೇರಿ ಮಾಡುವವನು. ಒಂದು ದಿನ ಅವನೇ ನಮ್ಮ ಮನೆ ಹುಡುಕಿಕೊಂಡು ಬಂದ. ಜಗಳಕ್ಕೇ ಬಂದ ಅಂದುಕೊಂಡೆ. ಅವನು ಜಗಳಕ್ಕೆ ಬಂದಿರಲಿಲ್ಲ. ತನ್ನ ಹೆಂಡತಿಯ ಕೊನೆಯ ಗಳಿಗೆ ಹೇಗಿತ್ತು ಎಂದು ಕೇಳಲು ಬಂದಿದ್ದ. ಅಪ್ಪ ಎಲ್ಲವನ್ನೂ ಹೇಳಿದ. ಅಂದಿನಿಂದ ಅವನು ಆಗಾಗ ಬಂದು ಕೂರುತ್ತಿದ್ದ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಚಹಾ ಕುಡಿಯುತ್ತಿದ್ದರು, ಅವನು ನಮ್ಮ ಗೋಡೆ ಗಡಿಯಾರ ತೆಗೆದು ಒರೆಸಿ ಮತ್ತೆ ನೇತುಹಾಕುತ್ತಿದ್ದ, ಹೋಗುತ್ತಿದ್ದ. ಅಪ್ಪ ಮತ್ತೆ ಮನುಷ್ಯನಾದದ್ದು ಅವನಿಂದ.

ಭಾವನ ಕಾರ್ಯಕ್ರಮ ಆಗ ಕುಂಟುತ್ತಿತ್ತು. ಜನ ನೋಡುತ್ತಿಲ್ಲ, ನಿಲ್ಲಿಸಿಬಿಡುತ್ತೇವೆ ಎಂದು ಚಾನೆಲ್ಲಿನವರು ಹೇಳಿದ್ದರು. ಒಂದು ಭಾನುವಾರ ಭಾವ ಬಂದು ಅಪ್ಪನ ಪಕ್ಕ ನೆಲದ ಮೇಲೆ ಕೂತರು.

"ಮಾವ, ನೀವು ಬನ್ನಿ. ಬ್ರೇಕ್ ವಿಷಯ ಎಲ್ಲಾ ಬಾಯ್ಬಿಟ್ಟು ಹೇಳಿ. ಡಿಪೋದವರ ಬಂಡವಾಳ ಊರಿಗೆಲ್ಲ ಗೊತ್ತಾಗ್ಲಿ."

ಅಪ್ಪ ಒಪ್ಪಿದ. ಹಳೆಯ ಖಾಕಿ ಶರ್ಟು ಹಾಕಿಕೊಂಡು ಬರಬೇಕು ಎಂದರು, ಅದಕ್ಕೂ ಒಪ್ಪಿದ. ಜೊತೆಗೆ ನಾನು ಹೋದೆ. ಅಪ್ಪ ತನ್ನದೇ ಕುರ್ಚಿಯಲ್ಲಿ ಅತಿಥಿಯಾಗಿ ಕೂತ. ದೀಪ ಸರಿಮಾಡುವವರೆಗೆ ಸುಮ್ಮನೆ ಕೂತಿರಿ ಎಂದರು. ಅವನು ತಲೆ ತಗ್ಗಿಸಿ, ಕಣ್ಣು ಮಿಟುಕಿಸುತ್ತಾ ಕಾಯುತ್ತಾ ಕೂತ. ಆಮೇಲೆ ಮಾತು ಶುರುವಾಯಿತು. ಬ್ರೇಕಿನ ವಿಷಯ ಹೇಳಿದ, ಡಿಪೋದ ವಿಷಯ ಹೇಳಿದ. ಕೊನೆಗೆ ಭಾವ ಕೇಳಿದರು: "ಮಾವ, ಆ ಹೆಂಗಸಿನ ಮುಖ ಈಗ್ಲೂ ಕಣ್ಮುಂದೆ ಬರುತ್ತಾ?"

ಅಪ್ಪ ತಕ್ಷಣ ಹೇಳಿದ: "ಹೌದು. ದಿನಾ. ಮಲಗಿದ್ರೂ ಬಿಡಲ್ಲ."

ಇದನ್ನು ನಾನು ಗೋಡೆಯ ಪಕ್ಕ ನಿಂತು ಈ ಕಿವಿಯಿಂದ ಕೇಳಿದೆ. ಆಮೇಲೆ ಭಾವ "ಆಯ್ತು ಮಾವ, ನೀವು ಹೊರಡಿ. ಶರ್ಟು ಮಾತ್ರ ಇಲ್ಲೇ ಬಿಟ್ಟು ಹೋಗಿ, ಒಂದು ಶಾಟ್‌ಗೆ ಬೇಕು" ಅಂದರು. ಅಪ್ಪ ಚಾನೆಲ್ಲಿನ ಗುರುತಿದ್ದ ಟೀ ಶರ್ಟೊಂದನ್ನು ಹಾಕಿಕೊಂಡು ಮನೆಗೆ ಬಂದ. ದಾರಿಯಲ್ಲಿ ನಾನು ನಕ್ಕಿದ್ದೇ ನಕ್ಕಿದ್ದು. ಅಪ್ಪನೂ ನಕ್ಕ.

ಪ್ರಸಾರವಾದ ದಿನ ನಮ್ಮ ಮನೆಯ ಪುಟ್ಟ ಟೀವಿ ಮುಂದೆ ಎಲ್ಲರೂ ಕೂತಿದ್ದೆವು. ಅಕ್ಕನೂ ಬಂದಿದ್ದಳು. ಬ್ರೇಕಿನ ಮಾತು ಬರಲೇ ಇಲ್ಲ. ಡಿಪೋ ಎಂಬ ಶಬ್ದವೂ ಇಲ್ಲ. ಆಮೇಲೆ ಭಾವನ ಮುಖ ಬಂತು. ಅವರ ಮುಂದೆ ಖಾಕಿ ಶರ್ಟಿನ ಹಿಂಭಾಗ ಕಾಣುತ್ತಿತ್ತು. ಭಾವ ಮುಂದಕ್ಕೆ ಬಾಗಿ ಪಿಸುದನಿಯಲ್ಲಿ ಕೇಳಿದರು: "ಮಾವ, ತಪ್ಪು ನನ್ನದೇ ಅಂತ ನಿಮಗೆ ಯಾವಾಗಾದ್ರೂ ಅನ್ನಿಸಿದೆಯಾ?"

ಆಮೇಲೆ ಮೌನ. ಅಪ್ಪನ ಮುಖ. ತಗ್ಗಿದ ತಲೆ, ಮಿಟುಕುವ ಕಣ್ಣು. ದೀಪಕ್ಕಾಗಿ ಕಾಯುತ್ತಿದ್ದಾಗಿನ ಮುಖ ಅದು! ಮೌನ ಎಳೆದರು, ಎಳೆದರು, ನೋಡುವವರಿಗೆ ಉಸಿರುಕಟ್ಟುವಷ್ಟು ಎಳೆದರು. ಆಮೇಲೆ ಅಪ್ಪ ಹೇಳಿದ: "ಹೌದು. ದಿನಾ. ಮಲಗಿದ್ರೂ ಬಿಡಲ್ಲ." ಭಾವನ ಕಣ್ಣಿಂದ ಒಂದು ಹನಿ ಕೆನ್ನೆಯ ಮೇಲೆ ಇಳಿಯಿತು. ಅದನ್ನು ಅವರು ಒರೆಸಿಕೊಳ್ಳಲಿಲ್ಲ, ಹಾಗೇ ಇಳಿಯಲು ಬಿಟ್ಟರು.

"ಇದನ್ನ ಅವರು ಕೇಳ್ಲೇ ಇಲ್ಲ" ಅಂದ ಅಪ್ಪ. ಎದ್ದು ಒಳಗೆ ಹೋದ.

ಅಕ್ಕ ಅಳುತ್ತಿದ್ದಳು. ಅಪ್ಪ ಇಷ್ಟು ದಿನ ಈ ಭಾರ ಹೊತ್ತುಕೊಂಡು ತಿರುಗುತ್ತಿದ್ದ, ಹೇಳಿಕೊಳ್ಳಲಾಗದೆ ಒದ್ದಾಡುತ್ತಿದ್ದ, ತನ್ನ ಗಂಡನ ಎದುರು ಮನಸ್ಸು ಬಿಚ್ಚಿಕೊಂಡ ಎಂದು ಅಳುತ್ತಿದ್ದಳು. ನಾನು ನಡೆದದ್ದನ್ನು ಹೇಳಿದೆ. ಅವಳು ಗಂಡನನ್ನು ಕೇಳಿದಳು. ಗಂಡ ಅವಳ ಕೈ ಹಿಡಿದುಕೊಂಡು, ತಲೆಯಾಡಿಸುತ್ತಾ, "ಹೇಳಿದ ಮೇಲೆ ಮಾವನಿಗೆ ಭಯ ಆಗಿದೆ ಕಣೇ, ಪಾಪ" ಅಂದರಂತೆ. ಅಕ್ಕ ನಂಬಿದಳು. "ನೀನು ಮೊದಲಿಂದ್ಲೂ ಅವರನ್ನ ಕಂಡ್ರೆ ಉರಿದು ಬೀಳ್ತೀಯ" ಎಂದು ನನಗೇ ತಿರುಗಿ ಹೇಳಿದಳು. ಅದು ಸುಳ್ಳೇನಲ್ಲ. ನನ್ನ ಮಾತು ಅವಳ ಕಿವಿಗೆ ಹೋಗದಿರಲು ಅದೇ ಸಾಕಾಯಿತು. ಕತ್ತರಿಸುವ ಮುಂಚಿನ ಮೂಲ ಟೇಪು ತೋರಿಸಿ ಎಂದು ಚಾನೆಲ್ಲಿಗೆ ಹೋದರೆ, ಅಳಿಸಿ ಅದರ ಮೇಲೆ ಬೇರೆ ಕಾರ್ಯಕ್ರಮ ತೆಗೆದಾಗಿದೆ ಎಂದರು.

ಗಡಿಯಾರದವನು ಅದಾದ ಮೇಲೆ ಒಂದೇ ಸಲ ಬಂದ. ಒಳಗೆ ಬರಲಿಲ್ಲ. ಗೇಟಿನ ಹೊರಗೆ ನಿಂತು, "ನನ್ನ ಹತ್ರ ಒಂದು ಹೇಳಿದ್ರಿ, ಟೀವಿಲಿ ಒಂದು. ನಿಮ್ಮ ಮನೇಲಿ ಕೂತು ಚಹಾ ಕುಡಿದ್ನಲ್ಲ ಸ್ವಾಮಿ" ಅಂದ. ಅಪ್ಪ ಓಡಿ ಹೋಗಿ ಗೇಟು ತೆಗೆಯುವಷ್ಟರಲ್ಲಿ ಬೀದಿ ತಿರುಗಿ ಹೋಗಿಬಿಟ್ಟಿದ್ದ. ಡಿಪೋದ ದೊಡ್ಡವರು ಮಾತ್ರ ಬಹಳ ಖುಷಿಯಾಗಿದ್ದರು. "ಡ್ರೈವರೇ ಒಪ್ಪಿಕೊಂಡಿದಾನಲ್ಲ" ಎಂದು ಕೈ ತೊಳೆದುಕೊಂಡರು. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಎಲ್ಲಿ ಹೋದರೂ ಜನ ಅಪ್ಪನನ್ನು ಗುರುತು ಹಿಡಿದು ದನಿ ತಗ್ಗಿಸಿ ಮಾತಾಡುತ್ತಿದ್ದರು. ಕೆಲವರು "ಒಪ್ಕೊಳ್ಳೋಕೂ ಧೈರ್ಯ ಬೇಕು ಬಿಡಿ" ಎಂದು ಬೆನ್ನು ತಟ್ಟುತ್ತಿದ್ದರು. ಬೈದವರಿಗಿಂತ ಅವರನ್ನು ಕಂಡರೇ ಅಪ್ಪನಿಗೆ ಹಿಂಸೆ.

ಭಾವನ ಕಾರ್ಯಕ್ರಮ ಅಲ್ಲಿಂದ ಏಣಿ ಹತ್ತಿತು. ಪ್ರಶಸ್ತಿ ಬಂತು. ಎರಡನೇ ಕ್ಯಾಮೆರಾ ಬಂತು, ಮೂರನೆಯದೂ ಬಂತು. ಆದರೂ ಅತಿಥಿ ಹೋದ ಮೇಲೆ ಖಾಲಿ ಕುರ್ಚಿಯ ಮುಂದೆ ಕೂತು ಹೂಂಗುಟ್ಟುವ ಅಭ್ಯಾಸ ಬಿಡಲಿಲ್ಲವಂತೆ. ಎದುರಿಗೆ ಜನ ಇದ್ದರೆ ಅವರಿಗೆ ಕಣ್ಣೀರು ಬರುತ್ತಿರಲಿಲ್ಲವಂತೆ. ಇದನ್ನು ಹೇಳಿದವನು ಅದೇ ಕ್ಯಾಮೆರಾದವನು, ನನ್ನ ಹತ್ತಿರ ಕಾರು ಕಲಿಯಲು ಬಂದಾಗ. ಆ ಮೌನದ ಬಗ್ಗೆ ಕಾಲೇಜುಗಳಲ್ಲಿ ಪಾಠ ಮಾಡಿದರು. 'ಕೇಳಿ ಸುಮ್ಮನಿರುವ ಕಲೆ' ಎಂದು ಭಾವ ಊರೂರಿಗೆ ಹೋಗಿ ಭಾಷಣ ಬಿಗಿದರು. ಎಷ್ಟೋ ಜನ ಹುಡುಗ ಹುಡುಗಿಯರು ಅವರಿಂದ ಕಲಿತು ಈಗ ಬೇರೆ ಬೇರೆ ಚಾನೆಲ್ಲುಗಳಲ್ಲಿ ಕೂತು, ಬೇರೆ ಬೇರೆ ಅಪ್ಪಂದಿರಿಗೆ ತಲೆಯಾಡಿಸುತ್ತಿದ್ದಾರೆ. ಅವರು ಬಿಟ್ಟುಹೋದ ಆಸ್ತಿ ಎಂದರೆ ಅದೇ.

ಅಪ್ಪ ಅಕ್ಕನ ಮನೆಗೆ ಹೋಗುವುದನ್ನು ಬಿಟ್ಟ. ಅಕ್ಕನೇ ಬಂದು ನೋಡಿಕೊಂಡು ಹೋಗುತ್ತಿದ್ದಳು. ಹಣ್ಣು ತರುತ್ತಿದ್ದಳು, ಮಾತ್ರೆ ತರುತ್ತಿದ್ದಳು. ಆ ವಿಷಯ ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ಊರೆಲ್ಲ ಏನಾದರೂ ಅಂದುಕೊಳ್ಳಲಿ, ಅಪ್ಪನಿಗೆ ಅದು ಬೇಕಿರಲಿಲ್ಲ. ತನ್ನ ಹಿರಿಮಗಳು ಒಂದು ಸಲ ತನ್ನ ಮಾತು ನಂಬಬೇಕು. ಸಾಯುವುದರೊಳಗೆ ಅಷ್ಟಾದರೆ ಸಾಕು ಎಂದು ಕಾಯುತ್ತಿದ್ದ.

ಸಭೆಯಲ್ಲಿ ಅದೇ ಕಂತನ್ನು ತೋರಿಸುತ್ತಾರೆ ಎಂದು ಗೊತ್ತಾದಾಗ ನಾನು ಅಕ್ಕನ ಮನೆಗೆ ಹೋದೆ. ಗೋಡೆ ತುಂಬಾ ಭಾವ, ಒಂದೊಂದು ಫೋಟೋದಲ್ಲೂ ತಲೆ ಒಂದು ಕಡೆಗೆ ವಾಲಿಸಿಕೊಂಡು ಯಾರದೋ ಗೋಳು ಕೇಳುತ್ತಿದ್ದಾರೆ.

"ಬೇರೆ ಯಾವುದಾದ್ರೂ ಹಾಕ್ಸು ಅಕ್ಕ. ಅಪ್ಪ ಇನ್ನೂ ಬದುಕಿದಾನೆ."

"ಹಳೇ ಟೇಪನ್ನ ತೊಳೆದು ಹೊಸದರ ಹಾಗೆ ಮಾಡಿದಾರಂತೆ. ಕಷ್ಟಪಟ್ಟು ಮಾಡಿದಾರೆ, ಬೇಡ ಅಂತ ಹೇಗೆ ಹೇಳ್ಲಿ?"

"ಅದರಲ್ಲಿರೋದು ಸುಳ್ಳು."

"ಅವರು ಹೋಗಿ ತಿಂಗಳಾಗಿದೆ ಕಣೇ. ಈಗಾದ್ರೂ ಬಿಡು." ಅವಳು ಗೋಡೆಯ ಒಂದು ಫೋಟೋವನ್ನು ಸೆರಗಿನಿಂದ ಒರೆಸಿದಳು. "ಅಪ್ಪ ಹೇಳಿದ್ದನ್ನೇ ಅವರು ಹಾಕಿದ್ದು. ನಾನು ನನ್ನ ಕಣ್ಣಲ್ಲೇ ನೋಡ್ಲಿಲ್ವಾ?"

ನಾನು ಚಪ್ಪಲಿ ಮೆಟ್ಟಿಕೊಂಡು ಬಂದೆ. ಕೊಟ್ಟಿರುವ ಎರಡು ನಿಮಿಷದಲ್ಲಿ ಸಭೆಯ ಎದುರೇ ಭಾವನ ಮಾನ ಹರಾಜು ಹಾಕುತ್ತೇನೆ ಎಂದು ತೀರ್ಮಾನಿಸಿದೆ. ಅಪ್ಪನಿಗೆ ಹೇಳಿದೆ. ಅವನು, "ನಾನೂ ಬರ್ತೀನಿ" ಅಂದ.

"ಯಾಕಪ್ಪ? ಮತ್ತೆ ಅದನ್ನ ನೋಡೋಕಾ?"

"ಆವತ್ತು ಅರ್ಧಕ್ಕೇ ಎದ್ದು ಹೋದೆ. ಪೂರ್ತಿ ನೋಡ್ಬೇಕು" ಅಂದ. ಮಂಡಿ ಹೋಗಿದೆ, ಕಿವಿ ಮಾತ್ರ ಚೆನ್ನಾಗಿದೆ ಅವನಿಗೆ. ಮಧ್ಯಾಹ್ನವೇ ಶರ್ಟು ಇಸ್ತ್ರಿ ಮಾಡಿಸಿಕೊಂಡು ಕೂತಿದ್ದ.

ಸಭಾಂಗಣ ತುಂಬಿತ್ತು. ವೇದಿಕೆಯ ನಡುವೆ, ಬೆಳಕಿನ ಬಿಲ್ಲೆಯೊಳಗೆ, ಅಪ್ಪನ ಬೆತ್ತದ ಕುರ್ಚಿ. ಪಕ್ಕದಲ್ಲಿ ಭಾವನ ಆಳೆತ್ತರದ ಫೋಟೋ. ಕುರ್ಚಿಯನ್ನು ಮುಂದೆ ಸ್ಟುಡಿಯೋದ ಬಾಗಿಲಲ್ಲಿ ಗಾಜಿನೊಳಗೆ ಇಡುತ್ತೇವೆ ಎಂದು ಚಾನೆಲ್ಲಿನ ಮುಖ್ಯಸ್ಥರು ಹೇಳಿದಾಗ ಜನ ಚಪ್ಪಾಳೆ ತಟ್ಟಿದರು. ಅಕ್ಕ ಮೊದಲ ಸಾಲಿನಲ್ಲಿದ್ದಳು. ನಾವಿಬ್ಬರೂ ಅವಳ ಹಿಂದಿನ ಸಾಲಿನಲ್ಲಿ, ಸ್ವಲ್ಪ ಪಕ್ಕಕ್ಕೆ. ಒಬ್ಬರಾದ ಮೇಲೆ ಒಬ್ಬರು ಬಂದು ಭಾವನನ್ನು ಅಟ್ಟಕ್ಕೇರಿಸಿ ಹೋದರು. ನನ್ನ ಸರದಿಗೆ ಮುಂಚೆ ದೀಪ ಆರಿಸಿ ಆ ಕಂತು ಹಾಕಿದರು.

ಪರದೆ ಮನೆಯ ಗೋಡೆಯಷ್ಟು ದೊಡ್ಡದು. ತೊಳೆದದ್ದು ನಿಜ. ಅಪ್ಪನ ಹುಬ್ಬಿನ ಒಂದೊಂದು ಕೂದಲೂ ಕಾಣುತ್ತಿತ್ತು. ಆಮೇಲೆ ಭಾವ ಬಂದರು. ಅವರ ಮುಂದೆ ಖಾಕಿ ಶರ್ಟು, ಕಾಲರು, ಕಾಲರಿನ ಮೇಲೆ ಕತ್ತು. ಬಾಗಿಲಗಲದ ಕತ್ತು. ನುಣ್ಣನೆಯ, ಎಳೆಯ, ಯಾರದೋ ಕತ್ತು. ಮಚ್ಚೆ ಇರಲಿಲ್ಲ. ನಮ್ಮ ಪುಟ್ಟ ಟೀವಿಯಲ್ಲಿ ಬರೀ ಮಸುಕಾಗಿ ಕಂಡದ್ದು ಇದು. ಅಪ್ಪನ ಶರ್ಟು ಬಿಚ್ಚಿಸಿಕೊಂಡು ಯಾರಿಗೋ ತೊಡಿಸಿ ಕೂರಿಸಿದ್ದರು. ನಾನು ಅಕ್ಕನ ಕಡೆ ನೋಡಿದೆ. ಒರಗಿ ಕೂತಿದ್ದವಳು ನೆಟ್ಟಗಾದಳು.

"ಮಾವ, ತಪ್ಪು ನನ್ನದೇ ಅಂತ ನಿಮಗೆ ಯಾವಾಗಾದ್ರೂ ಅನ್ನಿಸಿದೆಯಾ?" ಎಂದು ಭಾವ ಪರದೆಯಿಂದ ಕೇಳಿದರು.

ಆಮೇಲೆ ಆ ಹೆಸರುವಾಸಿ ಮೌನ ಬಂತು. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ.

"ಇಲ್ಲ ಅಳಿಯಂದ್ರೇ" ಅಂದ ಅಪ್ಪ.

ಪರದೆಯ ಮೇಲಿನ ಅಪ್ಪನಲ್ಲ. ನನ್ನ ಪಕ್ಕದ ಅಪ್ಪ. ಮುಂದಿನ ಸೀಟಿನ ಬೆನ್ನು ಹಿಡಿದು ಎದ್ದು ನಿಂತಿದ್ದ. ಬಸ್ಸಿನ ಕೊನೆಯ ಸೀಟಿಗೂ ಕೇಳುವ ಹಾಗೆ ಹಿಂದೆ ಕೂಗುತ್ತಿದ್ದನಲ್ಲ, ಅದೇ ದನಿ. "ಒಂದಿನಾನೂ ಅನ್ನಿಸಿಲ್ಲ. ಬ್ರೇಕ್ ಇರ್ಲಿಲ್ಲ. ಮೊದಲೇ ಹೇಳಿದ್ದೆ."

ಅಷ್ಟು ಹೇಳಿ ಮುಗಿಸಲು ಬೇಕಾದಷ್ಟು ಹೊತ್ತನ್ನು ಭಾವನೇ ಬಿಟ್ಟುಕೊಟ್ಟಿದ್ದರು. ಅಪ್ಪ ಕೂತ ಮೇಲೆ ಪರದೆಯ ಮೇಲಿನ ಅಪ್ಪ ಹೇಳಿದ: "ಹೌದು. ದಿನಾ. ಮಲಗಿದ್ರೂ ಬಿಡಲ್ಲ." ಹಿಂದಿನಿಂದ ಯಾರೋ "ಶ್!" ಎಂದರು. ಇನ್ನಾರೋ ಕಿಸಕ್ಕೆಂದರು. ಭಾವನ ಹನಿ ಕೆನ್ನೆಯ ಮೇಲೆ ಇಳಿಯಿತು, ಅದರ ಮುಂದೆ ಮತ್ತೆ ಆ ನುಣ್ಣನೆಯ ಕತ್ತು. ಅಕ್ಕ ಪರದೆಯನ್ನು ನೋಡುತ್ತಿರಲಿಲ್ಲ. ಸೀಟಿನಲ್ಲಿ ಪೂರ್ತಿ ತಿರುಗಿ ಅಪ್ಪನನ್ನು ನೋಡುತ್ತಿದ್ದಳು.

ದೀಪ ಹತ್ತಿತು. ಚಪ್ಪಾಳೆ ಬಿತ್ತು, ಆದರೆ ಅರೆಬರೆ. ಮೈಕಿನವರು ಗಡಿಬಿಡಿಯಿಂದ ನನ್ನನ್ನು ಕರೆದರು. ನಾನು ಏಳುತ್ತಿದ್ದಂತೆ ಅಪ್ಪ ನನ್ನ ಕೈ ಹಿಡಿದ.

"ನೀನು ಮಾತಾಡ್ಬೇಡ. ನಾನು ಹೇಳಾಯ್ತು."

"ಮತ್ತೆ ಏನ್ ಮಾಡ್ಲಿ?"

"ಕುರ್ಚಿ ತಗೊಂಡು ಬಾ."

ನಾನು ವೇದಿಕೆ ಹತ್ತಿ, ಮೈಕು ದಾಟಿ, ಬೆಳಕಿನ ಬಿಲ್ಲೆಯೊಳಗೆ ಹೋಗಿ ಕುರ್ಚಿಯ ಕೈ ಹಿಡಿದು ಎತ್ತಿದೆ. ಭಾರವೋ ಭಾರ. ಎರಡು ಹೆಜ್ಜೆ ಇಡುವುದರೊಳಗೆ ತೋಳು ಬಿದ್ದುಹೋಯಿತು. ಫೋನು ಮಾಡಿದ್ದ ಹುಡುಗಿ ಓಡಿಬಂದಳು. ಈಗ ಬೆಣ್ಣೆ ಗಿಣ್ಣೆ ಏನೂ ಇರಲಿಲ್ಲ. "ಮೇಡಂ, ಏನ್ ಮಾಡ್ತಿದೀರ? ಇಡಿ ಅದನ್ನ!" ಮುಖ್ಯಸ್ಥರೂ ಬಂದು ಕುರ್ಚಿಯ ಇನ್ನೊಂದು ಕೈ ಹಿಡಿದುಕೊಂಡರು. ನಾನು ಬಿಡಲಿಲ್ಲ, ಅವರೂ ಬಿಡಲಿಲ್ಲ.

ಅಷ್ಟರಲ್ಲಿ ಅಕ್ಕ ಮೆಟ್ಟಿಲು ಹತ್ತಿ ಬಂದಳು. ಮುಖ್ಯಸ್ಥರಿಗೆ ಜೀವ ಬಂದಂತಾಯಿತು. "ನೀವೇ ಹೇಳಿ ಮೇಡಂ ಇವರಿಗೆ. ಇದು ಸಾರ್ ಅವರ ಕುರ್ಚಿ."

"ಅಲ್ಲ" ಅಂದಳು ಅಕ್ಕ. "ನಮ್ಮಪ್ಪಂದು. ಕೈ ಬಿಡಿ."

ಅವರು ಬಿಟ್ಟ ಕೈಯನ್ನು ಅಕ್ಕ ಹಿಡಿದಳು. ಇಬ್ಬರೂ ಸೇರಿ ಮೆಟ್ಟಿಲು ಇಳಿಸಿದೆವು. ಸಾಲುಗಳ ನಡುವೆ ಅಪ್ಪ ಮುಂದೆ ಮುಂದೆ ನಡೆದ, ಮಂಡಿ ನೋವಿಗೆ ಒಂದೊಂದು ಸೀಟಿನ ಬೆನ್ನು ಹಿಡಿಯುತ್ತಾ. ನಾವಿಬ್ಬರೂ ಕುರ್ಚಿ ಹೊತ್ತುಕೊಂಡು ಅವನ ಹಿಂದೆ. ಇಸ್ತ್ರಿ ಮಾಡಿದ ಕಾಲರು, ನೆರೆತ ಕೂದಲು, ನಡುವೆ ಕಡಲೆಕಾಳಿನಷ್ಟು ದಪ್ಪದ ಆ ಮಚ್ಚೆ. ಅಕ್ಕನ ಕಣ್ಣು ಅದರ ಮೇಲೇ ಇತ್ತು. ಅವಳ ಕೆನ್ನೆಯೆಲ್ಲ ಒದ್ದೆಯಾಗಿತ್ತು, ಎರಡು ಕೈಯಲ್ಲೂ ಕುರ್ಚಿ ಇದ್ದುದರಿಂದ ಒರೆಸಿಕೊಳ್ಳಲು ಆಗುತ್ತಿರಲಿಲ್ಲ.

"ಇಷ್ಟು ವರ್ಷ ನನಗೆ ಗೊತ್ತಾಗ್ಲಿಲ್ಲ ಕಣೇ" ಅಂದಳು.

ನನ್ನ ಬಾಯಲ್ಲಿ ಬೇಕಾದಷ್ಟು ಮಾತಿತ್ತು. ಕುರ್ಚಿಯ ಭಾರವನ್ನು ಸ್ವಲ್ಪ ನನ್ನ ಕಡೆಗೆ ಎಳೆದುಕೊಂಡೆ.

ಬಾಗಿಲ ಹತ್ತಿರ ಅಪ್ಪ ನಿಂತು, ತಿರುಗದೆಯೇ ಹೇಳಿದ: "ನಿಧಾನ ಬನ್ರೇ ಇಬ್ರೂ. ಹೊಸ್ತಿಲಿದೆ, ಕಾಲು ತಗುಲೀತು."